ಸುತ್ತು ಹಾಕಿ ಮನೆಗೇ ಮರಳುವ ರೈಲು

ಕಳೆದ ಬೇಸಿಗೆ ರಜೆಯಲ್ಲಿ ಭಾಲ್ಕಿಯಿಂದ ಬಾಲ್ಯದ ಗೆಳೆಯನ ಫೋನು ಬಂತು. ಅವನೀಗ ಹೈದರಾಬಾದಿನಲ್ಲಿ ನೆಲೆಸಿದ್ದಾನೆ. ತಾಯಿ ತೀರಿಕೊಂಡ ಮೇಲೆ ಬೀಗ ಹಾಕಿದ್ದ ಹಳೆಯ ಮನೆಯನ್ನು ಮಾರುವ ಸಲುವಾಗಿ ಊರಿಗೆ ಬಂದಿದ್ದ. "ಅಟ್ಟ ಖಾಲಿ ಮಾಡ್ಲತ್ತೀನಿ. ನಿಂದೊಂದು ಸಾಮಾನು ಸಿಕ್ಕಾದ. ಬಂದು ಒಯ್ಯಿ" ಎಂದ. ನನ್ನದೇನು ಸಾಮಾನು ಎಂದು ಕೇಳಿದರೆ ನಕ್ಕನೇ ಹೊರತು ಬಾಯಿ ಬಿಡಲಿಲ್ಲ.

ಮರುದಿನ ಬೀದರಿನಿಂದ ಬಸ್ಸು ಹತ್ತಿ ಹೋದೆ. ಅಂಗಳದ ಕಟ್ಟೆಯ ಮೇಲೆ ಧೂಳು ಮೆತ್ತಿದ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಮುಚ್ಚಳದ ಮೇಲಿನ ಚಿತ್ರ ಬಹುಮಟ್ಟಿಗೆ ಅಳಿಸಿಹೋಗಿತ್ತು. ಆದರೂ ನೋಡಿದ ಕೂಡಲೇ ಗುರುತು ಸಿಕ್ಕಿತು. ನನ್ನ ಹತ್ತನೆಯ ವಯಸ್ಸಿನಲ್ಲಿ ನಾನೇ ಕೈಯಾರೆ ಸುಟ್ಟ ರೈಲು ಅದು.

ಸ್ಟೇಷನ್ನಿನ ಹತ್ತಿರದ ಮನೆ

ವಿಕಾರಾಬಾದಿನಿಂದ ಬೀದರ್, ಅಲ್ಲಿಂದ ಖಾನಾಪುರ, ಹಲಬರ್ಗಾ, ಭಾಲ್ಕಿ, ಕಮಲನಗರ, ಉದಗೀರ ಎನ್ನುತ್ತ ಪರಳಿ ವೈಜನಾಥದ ಕಡೆ ಸಾಗುವ ರೈಲು ಹಾದಿ 1930ರ ದಶಕದ ಆರಂಭದಲ್ಲಿ, ನಿಜಾಮರ ಆಳ್ವಿಕೆಯಲ್ಲಿ ಹಾಕಿದ್ದು. ನಾವು ಹುಡುಗರಾಗಿದ್ದ 1970ರ ದಶಕದಲ್ಲಿ ಅದರ ಮೇಲೆ ಇನ್ನೂ ಹೊಗೆ ಕಾರುವ ಉಗಿ ಇಂಜಿನ್ನುಗಳೇ ಓಡುತ್ತಿದ್ದವು. ನಮ್ಮಜ್ಜಿ ಅದಕ್ಕೆ ಮರಾಠಿಯ ಪ್ರಭಾವದಲ್ಲಿ 'ಆಗಗಾಡಿ' ಎನ್ನುತ್ತಿದ್ದಳು. ಗಾಡಿ ಬರುವ ಮೊದಲು ಹಳಿಗೆ ಕಿವಿ ಹಚ್ಚಿ ಸಪ್ಪಳ ಕೇಳುವುದು, ಹಳಿಯ ಮೇಲೆ ಐದು ಪೈಸೆಯ ನಾಣ್ಯ ಇಟ್ಟು ಚಪ್ಪಟೆ ಮಾಡಿಸುವುದು ನಮ್ಮ ದಿನನಿತ್ಯದ ಉದ್ಯೋಗ. (ಮಕ್ಕಳೇ, ನೀವು ಹಾಗೆ ಮಾಡಬೇಡಿ. ನಮ್ಮ ಪುಣ್ಯ ದೊಡ್ಡದಿತ್ತು, ಬದುಕಿದೆವು.)

ಆಟದ ರೈಲುಗಳೇನು ನಮಗೆ ಕಡಿಮೆ ಇರಲಿಲ್ಲ. ಬೆಂಕಿಪೊಟ್ಟಣಗಳನ್ನು ದಾರದಿಂದ ಪೋಣಿಸಿದರೆ ಗೂಡ್ಸ್ ಗಾಡಿ. ಸುಗ್ಗಿಯಲ್ಲಿ ಜೋಳದ ದಂಟು ಸೀಳಿ, ಒಳಗಿನ ಬೆಂಡಿಗೆ ಸಿಬಿರು ಚುಚ್ಚಿದರೆ ಇಂಜಿನ್ನು. ಜಾತ್ರೆಯಲ್ಲಿ ಚಾವಿ ಕೊಡುವ ತಗಡಿನ ರೈಲು ಸಿಗುತ್ತಿತ್ತು, ಚನ್ನಪಟ್ಟಣದ ಬಣ್ಣದ ಕಟ್ಟಿಗೆಯ ರೈಲನ್ನು ಒಬ್ಬಿಬ್ಬರ ಮನೆಯಲ್ಲಿ ಕಂಡಿದ್ದೆವು. ಆದರೆ ವಿದ್ಯುತ್ತಿನಿಂದ ತಾನಾಗಿ ಓಡುವ ರೈಲು? ಪರದೇಶದ ಸಾಮಾನಿನ ಆಮದಿಗೆ ಬಿಗಿ ನಿರ್ಬಂಧವಿದ್ದ ಕಾಲ ಅದು. ಅಂಥದ್ದೊಂದು ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ.

ಗೆಳೆಯನ ತಂದೆ ಸೌದಿ ಅರೇಬಿಯಾದಲ್ಲಿ ಕಟ್ಟಡಗಳಿಗೆ ವೈರಿಂಗ್ ಮಾಡುವ ಕೆಲಸಕ್ಕಿದ್ದರು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಅಲ್ಲಿ ಕಟ್ಟಡಗಳ ಕೆಲಸ ಜೋರಾಗಿ, ನಮ್ಮ ಕಡೆಯ ಎಷ್ಟೋ ಜನ ಹೊಟ್ಟೆಪಾಡಿಗೆ ಹೋದರು. ಎರಡು ವರ್ಷಕ್ಕೊಮ್ಮೆ ರಜೆ. 1979ರಲ್ಲಿ ಚಾಚಾ ಬಂದಾಗ ಟೇಪ್‌ರೆಕಾರ್ಡರು, ಕಂಬಳಿ, ಅತ್ತರಿನ ಜೊತೆ ಈ ಪೆಟ್ಟಿಗೆಯನ್ನೂ ತಂದರು. ಒಂದು ಇಂಜಿನ್ನು, ಮೂರು ಡಬ್ಬಿ, ಒಂದಕ್ಕೊಂದು ಸಿಕ್ಕಿಸಿದರೆ ಮೊಟ್ಟೆಯಾಕಾರವಾಗುವ ಹಳಿ, ಮತ್ತು ಒಂದು ಕರಿಯ ಟ್ರಾನ್ಸ್‌ಫಾರ್ಮರ್ ಡಬ್ಬಿ.

"ಈ ಕರಿ ಡಬ್ಬಿ ಇಲ್ಲಿನ ಕರೆಂಟಿಗೆ ಆಗಲ್ಲ ಬೇಟಾ, ಮುಟ್ಟಬ್ಯಾಡ್ರಿ. ಬೇರೆ ತರ್ತೀನಿ" ಎಂದು ಚಾಚಾ ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೇಳಿದ್ದರು. ಅಲ್ಲಿಯವರೆಗೆ ಟಾರ್ಚಿನ ಎಂಟು ಸೆಲ್ಲುಗಳನ್ನು ಸಾಲಾಗಿ ಕಟ್ಟಿ ಹಳಿಗೆ ತಂತಿ ಕೊಟ್ಟರು. ರೈಲು ಹೊರಟಿತು. ಪಡಸಾಲೆಯ ಶಹಾಬಾದಿ ಕಲ್ಲಿನ ಮೇಲೆ, ಅಮ್ಮಿಯ ಹೊಲಿಗೆ ಮಿಷನ್ನಿನ ಕಾಲ ನಡುವೆ ತೂರಿ, ಗೋದಿಯ ಚೀಲವನ್ನು ಬಳಸಿ, ಮತ್ತೆ ನಮ್ಮ ಮುಂದೆ ಬಂತು. ಓಣಿಯ ಹುಡುಗರೆಲ್ಲ ಬಾಗಿಲಲ್ಲಿ ನೆರೆದಿದ್ದರು. ಯಾರೂ ಮಾತಾಡಲಿಲ್ಲ.

ಸೆಲ್ಲು ಎಷ್ಟು ದಿನ ಬಾಳುತ್ತವೆ? ಚಾಚಾ ಮರಳಿ ಹೋದ ಹದಿನೈದು ದಿನಕ್ಕೆ ರೈಲು ನಿಂತಿತು. ಹೊಸ ಸೆಲ್ಲಿಗೆ ದುಡ್ಡು ಕೇಳುವ ಧೈರ್ಯ ಇಬ್ಬರಿಗೂ ಇಲ್ಲ. ತರಗತಿಯಲ್ಲಿ ನಾನೇ ಜಾಣನೆಂಬ ಗರ್ವ ನನಗಿತ್ತು. ಅಮ್ಮಿ ಬಾವಿಗೆ ಹೋದ ಹೊತ್ತು ನೋಡಿ, ಕರಿ ಡಬ್ಬಿಯ ತಂತಿಯ ಎರಡು ತುದಿಗಳನ್ನು ಸಾಕೆಟ್ಟಿಗೆ ತುರುಕಿ, ಅಲ್ಲಾಡದಂತೆ ಬೆಂಕಿಕಡ್ಡಿ ಸಿಕ್ಕಿಸಿ ಸ್ವಿಚ್ ಒತ್ತಿದೆ. ಡಬ್ಬಿ ಗುಂಯ್ ಎಂದಿತು. ರೈಲು ಎಂದೂ ಓಡದ ವೇಗದಲ್ಲಿ ಓಡಿ ತಿರುವಿನಲ್ಲಿ ಮಗುಚಿ ಬಿತ್ತು. ಡಬ್ಬಿಯಿಂದ ಹೊಗೆ, ಅರಗು ಸುಟ್ಟಂಥ ವಾಸನೆ. ಅಮ್ಮಿ ಕೊಡ ಇಳಿಸಿ ಓಡಿ ಬಂದವರು ಮೊದಲು ನನ್ನ ಕೈಗಳನ್ನು ತಿರುಗಿಸಿ ನೋಡಿದರು. "ಜಾನೇ ದೋ" ಎಂದರು. ಅಷ್ಟೇ.

ಸುಟ್ಟದ್ದು ಯಾಕೆ?

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಶಾಲೆಯ ವಿಜ್ಞಾನದ ಮಾಸ್ತರರನ್ನು ಕೇಳಿದೆ, ಯಾರ ಮನೆಯದೆಂದು ಹೇಳದೆ. ಅವರು ಹಲಗೆಯ ಮೇಲೆ ಎರಡು ಸುರುಳಿ ಬರೆದು ತಿಳಿಸಿದರು. ಆವತ್ತು ಅರ್ಧ ತಿಳಿಯಿತು, ಉಳಿದರ್ಧ ಬಿ.ಎಸ್ಸಿ. ಓದುವಾಗ.

ಆಗ ಸೌದಿಯ ಮನೆಗಳಲ್ಲಿ 127 ವೋಲ್ಟಿನ, ಸೆಕೆಂಡಿಗೆ 60 ಆವರ್ತನದ ವಿದ್ಯುತ್ತಿತ್ತು. ನಮ್ಮದು 230 ವೋಲ್ಟು, 50 ಆವರ್ತನ. ಟ್ರಾನ್ಸ್‌ಫಾರ್ಮರಿಗೆ ಅದು ತಾಳುವುದಕ್ಕಿಂತ ಸುಮಾರು 1.8 ಪಟ್ಟು ಒತ್ತಡ ನಾನು ಕೊಟ್ಟಿದ್ದೆ. 12 ವೋಲ್ಟು ಬರಬೇಕಾದ ಕಡೆ ಹತ್ತಿರ ಹತ್ತಿರ 22 ವೋಲ್ಟು ಬಂತು. ಅದಕ್ಕೇ ರೈಲು ಹಾಗೆ ಓಡಿದ್ದು. ಒಳಗಿನ ಕಬ್ಬಿಣದ ತಿರುಳು ಒಂದು ಮಿತಿಗಿಂತ ಹೆಚ್ಚು ಕಾಂತತ್ವವನ್ನು ಹೊರಲಾರದು. ಮಿತಿ ಮೀರಿದಾಗ ಸುರುಳಿಯಲ್ಲಿ ಪ್ರವಾಹ ನುಗ್ಗಿ, ತಂತಿಯ ಮೇಲಿನ ಎನಾಮಲ್ ಲೇಪ ಕರಗಿ, ಸುತ್ತುಗಳು ಒಂದಕ್ಕೊಂದು ತಾಗಿ ಎಲ್ಲ ಭಸ್ಮ. ಆವರ್ತನ ಕಡಿಮೆ ಇದ್ದದ್ದು ಗಾಯದ ಮೇಲೆ ಬರೆ ಎಳೆದಂತೆ.

ನಾನು ವಿಜ್ಞಾನದ ಮೇಷ್ಟರಾದದ್ದಕ್ಕೆ ಆ ಹೊಗೆಯೇ ಕಾರಣ ಎಂದರೆ ಅತಿಶಯೋಕ್ತಿಯಲ್ಲ. ಪ್ರತಿ ವರ್ಷ ವಿದ್ಯುತ್ತಿನ ಪಾಠ ಮಾಡುವಾಗ ಆ ವಾಸನೆ ಮೂಗಿಗೆ ಬಡಿಯುತ್ತದೆ.

ಆಟಿಕೆ ಮೊದಲೋ, ರೈಲು ಮೊದಲೋ?

ಓದುಗರಿಗೆ ಅಚ್ಚರಿಯಾಗಬಹುದು: ವಿದ್ಯುತ್ ರೈಲು ಮೊದಲು ಹುಟ್ಟಿದ್ದು ಆಟಿಕೆಯ ಗಾತ್ರದಲ್ಲೇ. ಅಮೆರಿಕದ ವರ್ಮಾಂಟ್ ಪ್ರಾಂತದ ಥಾಮಸ್ ಡಾವೆನ್‌ಪೋರ್ಟ್ ಎಂಬ ಕಮ್ಮಾರ 1835ರ ಸುಮಾರಿಗೆ ತಾನೇ ಮಾಡಿದ ಮೋಟರನ್ನು ಚಿಕ್ಕ ಬಂಡಿಗೆ ಜೋಡಿಸಿ, ಬ್ಯಾಟರಿಯ ಬಲದಿಂದ ದುಂಡನೆಯ ಹಳಿಯ ಮೇಲೆ ಓಡಿಸಿ ತೋರಿಸಿದ. ಜನರನ್ನು ಕೂಡಿಸಿಕೊಂಡು ಓಡಿದ ವಿದ್ಯುತ್ ರೈಲನ್ನು ವರ್ನರ್ ಸೀಮನ್ಸ್ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ತೋರಿಸಿದ್ದು 1879ರಲ್ಲಿ. ಅದೂ ಪ್ರದರ್ಶನದ ಮೈದಾನದಲ್ಲಿ ಸುತ್ತು ಹಾಕಿ ಬರುವ ಪುಟ್ಟ ಗಾಡಿಯೇ. ನಮ್ಮ ದೇಶದಲ್ಲಿ ಮೊದಲ ವಿದ್ಯುತ್ ರೈಲು ಮುಂಬಯಿಯ ವಿ.ಟಿ.ಯಿಂದ ಕುರ್ಲಾಕ್ಕೆ 1925ರ ಫೆಬ್ರುವರಿ 3ರಂದು ಓಡಿತು.

ಆಟಿಕೆಯ ರೈಲಿಗೆ ಶಿಸ್ತು ತಂದವರು ಜರ್ಮನಿಯ ಮಾರ್ಕ್ಲಿನ್ ಕಂಪನಿಯವರು. 1891ರ ಲೈಪ್‌ಜಿಗ್ ಸಂತೆಯಲ್ಲಿ ಅವರು ಹಳಿಗಳ ಅಗಲಕ್ಕೆ ಗೊತ್ತಾದ ಅಳತೆಗಳನ್ನು ಇಟ್ಟರು. ಈ ವರ್ಷ ಇಂಜಿನ್ನು, ಬರುವ ಹುಟ್ಟುಹಬ್ಬಕ್ಕೆ ಎರಡು ಡಬ್ಬಿ, ಆಮೇಲೆ ಒಂದು ಸ್ಟೇಷನ್ನು ಎಂದು ಮಕ್ಕಳು ಬೆಳೆಸಿಕೊಂಡು ಹೋಗಬಹುದಾದ ಆಟಿಕೆ ಹೀಗೆ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಜೋಶುವಾ ಲಯೊನೆಲ್ ಕೋವೆನ್, ಅಂಗಡಿಯ ಗಾಜಿನ ಹಿಂದೆ ಗಿರಾಕಿಗಳನ್ನು ಸೆಳೆಯಲೆಂದು ಬ್ಯಾಟರಿ ರೈಲೊಂದನ್ನು ಓಡಿಸಲು ಕೊಟ್ಟನಂತೆ. ಜನ ಅಂಗಡಿಯ ಮಾಲು ಬಿಟ್ಟು ರೈಲನ್ನೇ ಕೇಳತೊಡಗಿದರು ಎಂಬ ಕಥೆ ಇದೆ. ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿಯ ಕಂಪನಿ 1920ರಲ್ಲಿ ಚಾವಿ ರೈಲನ್ನೂ 1925ರಲ್ಲಿ ವಿದ್ಯುತ್ ರೈಲನ್ನೂ ಮಾರುಕಟ್ಟೆಗೆ ತಂದಿತು. ಆ ಮೊದಲ ವಿದ್ಯುತ್ ರೈಲು ಮನೆಯ ಸಾಕೆಟ್ಟಿನ ಕರೆಂಟನ್ನೇ ಒಂದು ಬಲ್ಬಿನ ಮೂಲಕ ತಗ್ಗಿಸಿ ಹಳಿಗೆ ಕೊಡುತ್ತಿತ್ತು! ಅಪಾಯವೆಂದು ಬೇಗನೆ ಕಡಿಮೆ ವೋಲ್ಟಿಗೆ ಇಳಿದರು. ಇದನ್ನು ಓದಿದಾಗ, ಸಾಕೆಟ್ಟಿನ ಮುಂದೆ ದುಡುಕಿದವನು ನಾನೊಬ್ಬನೇ ಅಲ್ಲ ಎಂದು ಸ್ವಲ್ಪ ಸಮಾಧಾನವಾಯಿತು.

ನಮ್ಮ ರಾಜಮಹಾರಾಜರೂ ಇದರ ಮೋಹಕ್ಕೆ ಹೊರತಲ್ಲ. ಗ್ವಾಲಿಯರಿನ ಸಿಂಧಿಯಾ ಮನೆತನದ ಜೈವಿಲಾಸ ಅರಮನೆಯಲ್ಲಿ ಊಟದ ಮೇಜಿನ ಮೇಲೆ ಓಡುವ ಬೆಳ್ಳಿಯ ರೈಲಿದೆ. ಊಟವಾದ ಮೇಲೆ ಅತಿಥಿಗಳಿಗೆ ಚುಟ್ಟಾ, ಪಾನೀಯಗಳನ್ನು ಹೊತ್ತು ತರುತ್ತಿದ್ದ ಆ ರೈಲು, ಅತಿಥಿ ಡಬ್ಬಿಯಿಂದ ಹೂಜಿ ಎತ್ತಿದರೆ ನಿಲ್ಲುತ್ತದೆ, ಮರಳಿ ಇಟ್ಟರೆ ಹೊರಡುತ್ತದೆ. ಮಹಾರಾಜರೆಂದ ಮೇಲೆ ದೊಡ್ಡ ರೈಲೇ ಇತ್ತಲ್ಲ, ಚಿಕ್ಕದೇಕೆ? ಉತ್ತರ ಪುಣೆಯಲ್ಲಿ ಸಿಗಬಹುದು. ಅಲ್ಲಿನ ಕೋಥರೂಡದಲ್ಲಿ ಭಾವೂ ಜೋಶಿ ಎಂಬವರು ತಮ್ಮ ಜೀವಮಾನದ ಹವ್ಯಾಸವನ್ನೇ 1998ರಲ್ಲಿ ಪುಟಾಣಿ ರೈಲುಗಳ ಸಂಗ್ರಹಾಲಯವಾಗಿಸಿದರು. ಒಂದೇ ಕೋಣೆಯೊಳಗೆ ಇಡೀ ಊರು, ಸಿಗ್ನಲ್ಲು, ಸೇತುವೆ, ರೈಲುಗಳ ಓಡಾಟ. ಅಲ್ಲಿಗೆ ನಾನು ಹೋದಾಗ ಗಮನಿಸಿದ್ದು ಇಷ್ಟು: ಮಕ್ಕಳು ರೈಲನ್ನು ನೋಡುತ್ತಿದ್ದರು. ಮಕ್ಕಳನ್ನು ಕರೆತಂದ ಅಪ್ಪ, ಅಜ್ಜಂದಿರು ಬಗ್ಗಿ, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ನೋಡುತ್ತಿದ್ದರು.

ಎರಡು ಹಳಿಯ ಗುಟ್ಟು

ದೊಡ್ಡ ವಿದ್ಯುತ್ ರೈಲು ತಲೆಯ ಮೇಲಿನ ತಂತಿಯಿಂದ 25,000 ವೋಲ್ಟಿನ ವಿದ್ಯುತ್ತನ್ನು ಪಡೆದು, ಹಳಿಯ ಮೂಲಕ ಹಿಂದಿರುಗಿಸುತ್ತದೆ. ಆಟಿಕೆಯ ರೈಲಿನಲ್ಲಿ ಎರಡು ಹಳಿಗಳೇ ಎರಡು ತಂತಿ. ಎಡ ಹಳಿ ಧನ, ಬಲ ಹಳಿ ಋಣ ಎಂದಿಟ್ಟುಕೊಳ್ಳಿ. ಒಂದು ಬದಿಯ ಗಾಲಿಯಿಂದ ವಿದ್ಯುತ್ತು ಮೋಟರಿಗೆ ಹತ್ತಿ, ಇನ್ನೊಂದು ಬದಿಯ ಗಾಲಿಯಿಂದ ಇಳಿಯುತ್ತದೆ. ಎರಡೂ ಗಾಲಿಗಳ ನಡುವಿನ ಅಚ್ಚಿನಲ್ಲಿ ವಿದ್ಯುತ್ ಹರಿಯದಂತೆ ಪ್ಲಾಸ್ಟಿಕ್ಕಿನ ಅಡ್ಡಿ ಇರಬೇಕು. ವೋಲ್ಟು ಏರಿಸಿದರೆ ವೇಗ, ಇಳಿಸಿದರೆ ನಿಧಾನ. ಧನ ಋಣಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಓಡುತ್ತದೆ.

ಇದರಲ್ಲೊಂದು ಮೋಜಿನ ತೊಡಕಿದೆ. ಹೋದ ಹಾದಿಯಲ್ಲೇ ಹಿಂದಿರುಗಲೆಂದು ಹಳಿಯನ್ನು ಕುಣಿಕೆಯಂತೆ ಬಳಸಿ ಅದೇ ಹಳಿಗೆ ತಂದು ಸೇರಿಸಿ ನೋಡಿ. ಎಡ ಹಳಿ ಹೋಗಿ ಬಲ ಹಳಿಗೆ ಮುಟ್ಟುತ್ತದೆ, ಶಾರ್ಟ್ ಆಗುತ್ತದೆ! ಹೀಗಾಗಿ ಆಟದ ರೈಲಿಗೆ ಸರಳ ಹಾದಿಯೆಂದರೆ ವೃತ್ತ ಅಥವಾ ಮೊಟ್ಟೆಯಾಕಾರ. ಎಷ್ಟು ಓಡಿದರೂ ಹೊರಟಲ್ಲಿಗೇ ಬರಬೇಕು.

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್.ಒ. ಎಂಬ ಅಳತೆಯಲ್ಲಿ ಪ್ರತಿಯೊಂದೂ ನಿಜದ 87ರಲ್ಲಿ ಒಂದು ಪಾಲು, ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಲೆಕ್ಕ ಮಾಡಿದರೆ ಇದು ಯುರೋಪಿನ 1,435 ಮಿ.ಮೀ. ಹಳಿಗೆ ಸರಿಹೊಂದುತ್ತದೆ. ನಮ್ಮ ಬೀದರ್ ಹಾದಿಯ ಬ್ರಾಡ್‌ಗೇಜ್ 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೂ ಮೇಲೆ. ಅಂದರೆ ಪೆಟ್ಟಿಗೆಯಲ್ಲಿ ಬರುವ ರೈಲು ನಮ್ಮ ರೈಲಲ್ಲ, ಪರದೇಶದ್ದೇ. ಆದರೂ ನಮ್ಮ ಪಡಸಾಲೆಯಲ್ಲಿ ಅದು ಭಾಲ್ಕಿ ರೈಲೇ ಆಗಿತ್ತು.

ಬೀದರಿನವನಾಗಿ ಇನ್ನೊಂದು ಮಾತು ಹೇಳದಿದ್ದರೆ ಹೇಗೆ? ಹಳೆಯ ಕಾಲದ ಆಟದ ಇಂಜಿನ್ನುಗಳ ಮೈಯನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ನಮ್ಮ ಬಿದ್ರಿ ಸಾಮಾನಿನ ಮುಖ್ಯ ಲೋಹವೂ ಸತುವೇ, ಜೊತೆಗೆ ಸ್ವಲ್ಪ ತಾಮ್ರ. ಆದರೆ ಆಟಿಕೆಯವರು ಸತುವಿಗೆ ಅಲ್ಯೂಮಿನಿಯಂ ಬೆರೆಸುತ್ತಿದ್ದರು. ಅದರಲ್ಲಿ ಅಪ್ಪಿತಪ್ಪಿ ಚೂರು ಸೀಸ ಸೇರಿದರೂ ಲೋಹದ ಕಣಗಳ ನಡುವೆ ಸವಕಳಿ ಹುಟ್ಟಿ, ಕೆಲವು ವರ್ಷಗಳಲ್ಲಿ ಇಂಜಿನ್ನು ಉಬ್ಬಿ, ಬಿರಿದು ಪುಡಿಯಾಗುತ್ತಿತ್ತು. ಹೀಗೆ ಎರಡು ಮಹಾಯುದ್ಧಗಳ ನಡುವಿನ ಕಾಲದ ಎಷ್ಟೋ ಆಟಿಕೆಗಳು ಕಪಾಟಿನಲ್ಲಿ ಇಟ್ಟಲ್ಲಿಯೇ ಹಾಳಾದವು. ನಮ್ಮ ಕುಶಲಕರ್ಮಿಗಳ ಹುಕ್ಕಾ, ಹೂಜಿಗಳಾದರೋ ಶತಮಾನಗಳನ್ನು ದಾಟಿ ಮ್ಯೂಸಿಯಂಗಳಲ್ಲಿ ಗಟ್ಟಿಯಾಗಿ ಕೂತಿವೆ.

ಮರಳಿ ಬಂದ ಪೆಟ್ಟಿಗೆ

ಭಾಲ್ಕಿಯಿಂದ ತಂದ ಪೆಟ್ಟಿಗೆಯನ್ನು ಬೀದರಿನ ಮನೆಯಲ್ಲಿ ಬಿಚ್ಚಿ ಕೂತೆ. ಟ್ರಾನ್ಸ್‌ಫಾರ್ಮರಂತೂ ಸತ್ತುಹೋಗಿತ್ತು. ಇಂಜಿನ್ನಿನ ತಿರುಪು ಬಿಚ್ಚಿದೆ. ಗ್ರೀಸು ಒಣಗಿ ಅಂಟಿನಂತಾಗಿತ್ತು. ಮೋಟರಿನ ತಾಮ್ರದ ಪಟ್ಟಿಗಳ ಮೇಲೆ ಮಸಿ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಕಾರ್ಬನ್ ಬ್ರಷ್ ಇನ್ನೂ ಅರ್ಧ ಉಳಿದಿತ್ತು. ಸುರುಳಿಯನ್ನು ಮೀಟರಿನಿಂದ ಪರೀಕ್ಷಿಸಿದೆ: ಮುರಿದಿಲ್ಲ! ಆವತ್ತು ತಿರುವಿನಲ್ಲಿ ಮಗುಚಿ ಬಿದ್ದದ್ದೇ ಅದನ್ನು ಬದುಕಿಸಿತ್ತು. ಹಳಿ ಬಿಟ್ಟ ಕ್ಷಣದಲ್ಲೇ ಮೋಟರಿಗೆ ವಿದ್ಯುತ್ತು ನಿಂತಿತ್ತು. 45 ವರ್ಷ ನಾನು ಸುಟ್ಟೆನೆಂದು ತಿಳಿದಿದ್ದ ರೈಲು ಸುಟ್ಟೇ ಇರಲಿಲ್ಲ.

ಬೀದರಿನ ಅಂಗಡಿಯಿಂದ 12 ವೋಲ್ಟಿನ ಅಡಾಪ್ಟರು ತಂದು, ಹಳಿಯನ್ನು ಉಜ್ಜಿ ಹೊಳಪು ಬರಿಸಿ ತಂತಿ ಕೊಟ್ಟೆ. ಒಮ್ಮೆ ಕೊಸರಿತು. ಬೆರಳಿನಿಂದ ಮೆಲ್ಲಗೆ ತಳ್ಳಿದೆ. ಹೊರಟಿತು.

ಗೆಳೆಯನಿಗೆ ಫೋನು ಮಾಡಿ ಸದ್ದು ಕೇಳಿಸಿದೆ. ಆ ಕಡೆ ಬಹಳ ಹೊತ್ತು ಮೌನ. ಎಂದೂ ಕೇಳದಿದ್ದ ಮಾತನ್ನು ಅಂದು ಕೇಳಿದೆ. 1981ರಲ್ಲಿ ಚಾಚಾ ರಜೆಗೆ ಬಂದಾಗ ಹೊಸ ಟ್ರಾನ್ಸ್‌ಫಾರ್ಮರ್ ತರುವ ಮಾತೆತ್ತಿದ್ದರು. "ಹಳಿ ಮುರಿದಾವ ಅಬ್ಬಾ, ಬ್ಯಾಡ" ಎಂದು ಇವನು ಹೇಳಿದ್ದ. ಇಷ್ಟು ನನಗೆ ಗೊತ್ತಿತ್ತು. ನನ್ನ ಹೆಸರು ಬರಬಾರದೆಂದು ಅವನು ಹೇಳಿದ ಸುಳ್ಳು ಅದು. ಚಾಚಾ ನಂಬಿದರೇ?

"ಎಲ್ಲಿ ನಂಬ್ತಾರಪ್ಪಾ? ವೈರಿಂಗ್ ಮಾಡೋ ಮನುಷ್ಯಾ. ಪೆಟ್ಟಿಗಿ ತೆಗೆದ ಕೂಡ್ಲೆ ವಾಸನಿ ಹಿಡದ್ರು. ಇಬ್ರೂ ಬದುಕಿದ್ರಲ್ಲ, ಸಾಕು ಅಂದ್ರು. ನಿನಗ ಹೇಳಬ್ಯಾಡ ಅಂದ್ರು."

ಚಾಚಾ ಈಗಿಲ್ಲ. ಆಮೇಲೆ ಎಷ್ಟೋ ಸಲ ಅವರ ಮನೆಯಲ್ಲಿ ಈದ್ ಹಬ್ಬದ ಶೀರ್‌ಖುರ್ಮಾ ಕುಡಿದಿದ್ದೇನೆ. ನನ್ನ ಬಿ.ಇಡಿ. ಮುಗಿದಾಗ ಹೆಗಲು ತಟ್ಟಿದ್ದರು. ಒಂದು ಸಲವೂ ಆ ಮಾತು ಎತ್ತಲಿಲ್ಲ.

'ನಾಸ್ಟಾಲ್ಜಿಯ' ಎಂಬ ಪದವನ್ನು 1688ರಲ್ಲಿ ಜೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ಒಂದು ರೋಗದ ಹೆಸರಾಗಿ ಕಟ್ಟಿದ. ದೂರ ದೇಶದಲ್ಲಿದ್ದವರಿಗೆ ಊರಿನ ನೆನಪಿನಿಂದ ಬರುವ ಬಾಧೆ ಅದು. ಭಾಲ್ಕಿ ಸ್ಟೇಷನ್ನಿನಲ್ಲಿ ನಾವು ನೋಡುತ್ತಿದ್ದ ದೊಡ್ಡ ರೈಲು ಅಪ್ಪಂದಿರನ್ನು, ಅಣ್ಣಂದಿರನ್ನು ಕರೆದುಕೊಂಡು ಹೋಗುತ್ತಿತ್ತು. ಅವರು ಬರುವುದು ವರ್ಷಕ್ಕೋ, ಎರಡು ವರ್ಷಕ್ಕೋ. ಚಾಚಾ ತಂದುಕೊಟ್ಟ ರೈಲು ಮಾತ್ರ ಅರ್ಧ ನಿಮಿಷದಲ್ಲಿ ತಿರುಗಿ ಬರುತ್ತಿತ್ತು. ಗೆಳೆಯ ಹೊಟ್ಟೆಯ ಮೇಲೆ ಮಲಗಿ ಅದನ್ನೇ ನೋಡುತ್ತ ಗಂಟೆಗಟ್ಟಲೆ ಕಳೆಯುತ್ತಿದ್ದುದು ಏಕೆಂದು ನನಗೆ ಈಗ ಹೊಳೆಯುತ್ತದೆ.

ಔರಾದಿನಲ್ಲಿ ಒಂದು ಸ್ಟೇಷನ್ನು

ನಾನು ಪಾಠ ಮಾಡುವುದು ಔರಾದ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ. ಬೀದರಿನಿಂದ ಔರಾದಿಗೆ 40 ಕಿಲೋಮೀಟರಿಗೂ ಹೆಚ್ಚು. ಅಮರೇಶ್ವರನ ಊರು, ಜಾತ್ರೆಗೆ ಸುತ್ತಲಿನ ಜನವೆಲ್ಲ ಸೇರುತ್ತದೆ. ಆದರೆ ರೈಲಿಲ್ಲ. ಮೊದಲು ಕಮಲನಗರ ಸ್ಟೇಷನ್ನು ಇದೇ ತಾಲ್ಲೂಕಿನಲ್ಲಿತ್ತು. ಕಮಲನಗರವೇ ಬೇರೆ ತಾಲ್ಲೂಕಾದ ಮೇಲೆ ಅದೂ ಹೋಯಿತು. ಬೀದರ್–ಕಲಬುರಗಿ ನಡುವಿನ ಸುಮಾರು 110 ಕಿಲೋಮೀಟರ್ ಹಾದಿ, ಬಹಳ ವರ್ಷ ಕಾಯಿಸಿ, 2017ರ ಅಕ್ಟೋಬರ್ 29ರಂದು ಪೂರ್ತಿ ತೆರೆಯಿತು. ಔರಾದಿನ ಮೇಲೆ ನಾಂದೇಡಕ್ಕೆ ಹೋಗುವ ಹಾದಿಯ ಮಾತೂ ವರ್ಷಗಳಿಂದ ಕೇಳಿಬರುತ್ತಿದೆ. ನನ್ನ ತರಗತಿಯಲ್ಲಿ ಕೈ ಎತ್ತಿಸಿದಾಗ ತಿಳಿಯಿತು, ರೈಲು ಹತ್ತದ ಮಕ್ಕಳು ಅರ್ಧಕ್ಕಿಂತ ಹೆಚ್ಚು.

ರಜೆ ಮುಗಿದ ಮೇಲೆ ಪೆಟ್ಟಿಗೆಯನ್ನು ಶಾಲೆಗೆ ಒಯ್ದೆ. ಮೊದಲು ಒಂದು ಬೇರೆ ಪ್ರಯೋಗ ಮಾಡಿಸಿದೆ. ಲೇಪವಿಲ್ಲದ ತಾಮ್ರದ ತಂತಿಯನ್ನು ಸೆಲ್ಲಿಗಿಂತ ತುಸು ದಪ್ಪದ ಕೋಲಿಗೆ ಒತ್ತಾಗಿ ಸುತ್ತಿ, ಉದ್ದನೆಯ ಸುರಂಗದಂಥ ಸುರುಳಿ ಮಾಡಬೇಕು. ಒಂದು ಪೆನ್‌ಸೆಲ್ಲಿನ ಎರಡೂ ತುದಿಗೆ ದುಂಡನೆಯ ನಿಯೋಡೈಮಿಯಂ ಅಯಸ್ಕಾಂತ ಹಚ್ಚಬೇಕು. ಎರಡರ ಒಂದೇ ಜಾತಿಯ ಧ್ರುವಗಳು ಹೊರಕ್ಕೆ ಮುಖ ಮಾಡಿರಬೇಕು. ಸೆಲ್ಲನ್ನು ಸುರಂಗದ ಬಾಯಿಗೆ ಇಟ್ಟರೆ ಸರ್ರೆಂದು ಒಳಗೆ ಓಡುತ್ತದೆ! ಎರಡು ಅಯಸ್ಕಾಂತಗಳ ನಡುವಿನ ಸುತ್ತುಗಳಲ್ಲಿ ಮಾತ್ರ ವಿದ್ಯುತ್ತು ಹರಿದು, ಅಷ್ಟು ಭಾಗ ವಿದ್ಯುತ್ಕಾಂತವಾಗಿ ಒಂದು ತುದಿಯನ್ನು ಎಳೆದು ಇನ್ನೊಂದನ್ನು ನೂಕುತ್ತದೆ. ಮೊದಲ ಗುಂಪಿನ ಸೆಲ್ಲು ಅಲ್ಲಾಡಲಿಲ್ಲ. "ಸರ್, ನಮ್ಮದ್ಯಾಕ ಹೊಂಟಿಲ್ರಿ?" ನೋಡಿದರೆ, ಎನಾಮಲ್ ಲೇಪದ ತಂತಿ ಸುತ್ತಿದ್ದರು. ಇನ್ನೊಂದು ಗುಂಪಿನದು ಹಾಕಿದಲ್ಲಿಂದ ಹೊರಗೇ ಬರುತ್ತಿತ್ತು. ಸೆಲ್ಲನ್ನು ತಿರುಗಿಸಿ ಹಾಕಿದ ಕೂಡಲೇ ಒಳಗೆ ಓಡಿತು. ಹಲಗೆಯ ಮೇಲೆ ಬರೆದ ಪಾಠ ಮರೆಯಬಹುದು, ಇದನ್ನು ಅವರು ಮರೆಯಲಾರರು. ಒಂದು ಎಚ್ಚರಿಕೆ: ಈ ಅಯಸ್ಕಾಂತಗಳು ಬಹಳ ಬಲವುಳ್ಳವು. ಚಿಕ್ಕ ಮಕ್ಕಳು ನುಂಗಿದರೆ ಪ್ರಾಣಕ್ಕೇ ಕುತ್ತು. ದೊಡ್ಡವರ ಕಣ್ಣೆದುರಿನಲ್ಲೇ ಮಾಡಿಸಿ.

ಆಮೇಲೆ ಪೆಟ್ಟಿಗೆ ಬಿಚ್ಚಿ, ಹಳಿಯನ್ನು ಮಕ್ಕಳ ಕೈಯಿಂದಲೇ ಜೋಡಿಸಿಸಿದೆ. ಹಳಿಯ ಪಕ್ಕ ನೆಲದ ಮೇಲೆ ಸೀಮೆಸುಣ್ಣದಿಂದ ಸ್ಟೇಷನ್ನುಗಳ ಹೆಸರು ಬರೆಯಲು ಹೇಳಿದೆ. ಬೀದರ್, ಹಲಬರ್ಗಾ, ಭಾಲ್ಕಿ, ಕಮಲನಗರ ಎಂದು ಬರೆದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ಬಂದು ಸೀಮೆಸುಣ್ಣ ಕೇಳಿ ಇಸಿದುಕೊಂಡು, ಕಮಲನಗರಕ್ಕೂ ಬೀದರಿಗೂ ನಡುವೆ ಖಾಲಿ ಇದ್ದ ಜಾಗದಲ್ಲಿ ದೊಡ್ಡಕ್ಷರದಲ್ಲಿ 'ಔರಾದ' ಎಂದು ಬರೆದಳು.

"ಅಲ್ಲಿ ಸ್ಟೇಷನ್ ಇಲ್ಲಲ್ಲಮ್ಮಾ" ಎಂದೆ.

"ಈಗ ಅದಾರಿ ಸರ್" ಎಂದಳು.

ನಾನು ಸ್ವಿಚ್ ಒತ್ತಿದೆ. ಮಕ್ಕಳೆಲ್ಲ ಹಳಿಯ ಸುತ್ತ ಹೊಟ್ಟೆಯ ಮೇಲೆ ಮಲಗಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ ನೋಡತೊಡಗಿದರು. ಗಂಟೆ ಬಾರಿಸಿದರೂ ಯಾರೂ ಏಳಲಿಲ್ಲ. ಪ್ರತಿ ಸುತ್ತಿಗೂ ರೈಲು ಔರಾದಿಗೆ ಬರುತ್ತಿತ್ತು.